ಅಜ್ಜಿಯ ಹಣತೆ

ನಮ್ಮ ಅಜ್ಜಿಯವರು ಮಳವಳ್ಳಿ ತಾಲ್ಲೂಕಿನ ಒಂದು ಗ್ರಾಮದಲ್ಲಿ 1902ರಲ್ಲಿ ಜನಿಸಿದರು. ಅದೇ ವರ್ಷ, ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ, ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯೂ ಜನಿಸಿತು. ದಿವಾನ್ ಶೇಷಾದ್ರಿ ಅಯ್ಯರವರು ಕೈಗೊಂಡ ಕಾರ್ಯವದು. ಅದರ ಸಾಫಲ್ಯವನ್ನು ಕಾಣಲು ಅವರೇ ಉಳಿದಿರಲಿಲ್ಲ. ಆ ಶಕ್ತಿಯು ತಂತಿಯ ಮೇಲೆ ಸುಮಾರು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಜ್ಜಿಯವರ ಮನೆಯಲ್ಲಿ ಮಾತ್ರ ಹರಳೆಣ್ಣೆಯ ಹಣತೆಯೇ ಉರಿಯುತ್ತಿದ್ದಿತು.

ಅವರ ಆಯುಷ್ಯದಲ್ಲಿ ಎಷ್ಟೊಂದು ಮಾರ್ಪಾಡುಗಳು! ಕನ್ನಂಬಾಡಿ ಕಟ್ಟೆಯ ನೀರು ನಾಲೆಯಾಗಿ ಹರಿದು ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದುವು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ನಮ್ಮ ಮನೆಗೆ ವಿದ್ಯುದ್ದೀಪವು ಬಂದಾಗ ನನಗೆ ಎಂಟು ವರ್ಷ, ಅವರಿಗೆ ಅರುವತ್ತಾರು. ಅಷ್ಟರಲ್ಲಿ ಅವರ ಕಣ್ಣುಗಳಿಗೆ ಪೊರೆ ಬಂದಿದ್ದಿತು. ಗುಂಡಿಯನ್ನೊತ್ತಿಸಿ, ದೀಪವಿದ್ದ ಕಡೆಗೆ ಕೈಮುಗಿದು, “ಹೊಳೆ ನಮ್ಮ ಪಕ್ಕದ್ದೇ ಕಣೋ, ಬೆಳಕು ಮಾತ್ರ ಲೋಕವನ್ನೆಲ್ಲ ಸುತ್ತಿಕೊಂಡು ಬಂತು” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ; ಆದುದರಿಂದಲೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಈಗ ನನ್ನ ಮೊಮ್ಮಕ್ಕಳು ಆಲೋಚಿಸುವ ಯಂತ್ರಗಳ ವಿಚಾರವನ್ನು ಹೇಳುತ್ತಾರೆ. ವಿಸ್ಮಯದಿಂದ ಕೇಳುತ್ತೇನೆ. ಶೋಧಗಳು ಬೆಳೆಯಲಿ, ದೂರದೇಶಗಳಿಗೂ ಹೋಗಲಿ. ಆದರೆ ಹೋಗುವ ದಾರಿಯಲ್ಲಿ, ಪಕ್ಕದ ಮನೆಯವರಿಗೆ ಕಣ್ಣಿರುವಾಗಲೇ, ಅವರ ಬಾಗಿಲನ್ನೂ ತಟ್ಟಿ ಹೋಗಲಿ ಎಂಬುದೊಂದೇ ನನ್ನ ಪ್ರಾರ್ಥನೆ.