ಎರಡು ದಿನದ ರೂಮು, 34,000 ರೂಪಾಯಿ

ಆರನೇ ಸೆಮ್‌ನ ಎರಡನೇ ಇಂಟರ್ನಲ್ಸ್ ಮುಗಿದ ಸಂಜೆ ಅಮ್ಮ ಫೋನ್ ಮಾಡಿದ್ಲು. "ನಿಮ್ಮಪ್ಪಂಗೆ ಹರ್ನಿಯಾ ಅಂತೆ ಕಣೋ, ಆಪರೇಷನ್ ಮಾಡ್ಬೇಕಂತೆ. ನೀನು ಬಾ, ನಮಗೆ ಈ ಲೆಕ್ಕ ಎಲ್ಲಾ ತಿಳಿಯಲ್ಲ." ಇಂಜಿನಿಯರಿಂಗ್ ಓದೋ ಮಗನಿಗೆ ಎಲ್ಲಾ ಲೆಕ್ಕಾನೂ ಗೊತ್ತಿರತ್ತೆ ಅನ್ನೋದು ಮನೆಯವರ ನಂಬಿಕೆ. ನಿಜ ಹೇಳ್ಬೇಕಂದ್ರೆ ನಾನೂ ಹಾಗೇ ಅಂದುಕೊಂಡಿದ್ದೆ.

ಅಪ್ಪ ತುಮಕೂರಿನ ಹತ್ತಿರ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್. ಮರುದಿನದಿಂದ ನಾವಿಬ್ಬರೂ ಆಸ್ಪತ್ರೆ ಅಲೆಯೋಕೆ ಶುರು ಮಾಡಿದ್ವಿ. ಮನೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ 48,000 ಅಂದ್ರು. ಊರಿನ ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲಿ 82,000. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ 1,35,000. ಕಾಯಿಲೆ ಒಂದೇ, ಆಪರೇಷನ್ ಒಂದೇ, ಒಳಗೆ ಹಾಕೋ ಮೆಶ್ ಕೂಡ ಹೆಚ್ಚುಕಡಿಮೆ ಒಂದೇ ಥರದ್ದು. ಮೂರೂ ಕಡೆ ಬೆಲೆ ಹೇಳುವ ಮೊದಲು ನಮ್ಮನ್ನು ಕೇಳಿದ ಪ್ರಶ್ನೆಯೂ ಒಂದೇ: "ಇನ್ಶೂರೆನ್ಸ್ ಇದೆಯಾ?"

ನಮ್ಮ ಕ್ಯಾಂಪಸ್‌ನ ಝೆರಾಕ್ಸ್ ಅಂಗಡಿಯಲ್ಲೂ ಒಂದು ಪುಟಕ್ಕೆ ಎಷ್ಟು ಅಂತ ಗೋಡೆ ಮೇಲೆ ಅಂಟಿಸಿರ್ತಾರೆ. ಖಾಸಗಿ ಆಸ್ಪತ್ರೆಗಳೂ ದರಪಟ್ಟಿ ಹಾಕಬೇಕು ಅಂತ ಕರ್ನಾಟಕದಲ್ಲಿ 2007ರ ಕಾಯ್ದೆಯೇ ಇದೆ. ಆ ಪಟ್ಟಿ ಎಲ್ಲಿದೆ ಅಂತ ಕೇಳಬೇಕು ಅನ್ನೋದು ಆಗ ನನಗೆ ಹೊಳೆಯಲೇ ಇಲ್ಲ.

ಇನ್ಶೂರೆನ್ಸ್ ವಿಷಯಕ್ಕೆ ಬರ್ತೀನಿ. ಮೊದಲು ಅಪ್ಪನಿಗೆ ಇಎಸ್‌ಐ ಇತ್ತು. ಸಂಬಳದಿಂದ ಶೇ. 0.75 ಹೋಗ್ತಿತ್ತು, ಕಂಪನಿ ಶೇ. 3.25 ಕಟ್ತಿತ್ತು. ಇಎಸ್‌ಐ ಆಸ್ಪತ್ರೆಯಲ್ಲಿ ಕ್ಯೂ ಉದ್ದ, ಆದ್ರೆ ಬಿಲ್ ಅನ್ನೋ ಮಾತೇ ಇರಲಿಲ್ಲ. ಇಎಸ್‌ಐಗೆ ಸೇರಲು ಸಂಬಳದ ಮಿತಿ ತಿಂಗಳಿಗೆ 21,000. ಹಿಂದಿನ ವರ್ಷ ಇಂಕ್ರಿಮೆಂಟ್ ಬಂದು ಅಪ್ಪನ ಸಂಬಳ 21,600 ಆಯ್ತು. ಮನೇಲಿ ಸ್ವೀಟ್ ತಂದು ತಿಂದ್ವಿ. ಆ ಕಂಪನಿ ಒಳ್ಳೇದು, ಇಎಸ್‌ಐ ಹೋದವರಿಗೆ 2 ಲಕ್ಷದ ಗ್ರೂಪ್ ಇನ್ಶೂರೆನ್ಸ್ ಮಾಡಿಸಿತ್ತು.

48,000ದ ನರ್ಸಿಂಗ್ ಹೋಮ್‌ನಲ್ಲಿ ಕ್ಯಾಶ್‌ಲೆಸ್ ಇರಲಿಲ್ಲ. ಹಾಗಾಗಿ 82,000ದ ಕಡೆ ಸೇರಿಸಿದ್ವಿ. ಕೌಂಟರ್‌ನಲ್ಲಿ ಕೇಳಿದ್ರು, "ಶೇರಿಂಗ್ ರೂಮಾ, ಸಿಂಗಲ್ಲಾ?" ಅಪ್ಪ ಶೇರಿಂಗ್ ಸಾಕು ಅಂದ್ರು. ನಾನೇ ತಡೆದೆ. "ಇಪ್ಪತ್ತು ವರ್ಷ ಮೆಷಿನ್ ಸದ್ದಲ್ಲೇ ಇದ್ದೀರಿ, ಎರಡು ದಿನ ನೆಮ್ಮದಿಯಾಗಿ ಮಲಗಿ. ಹೇಗೂ 2 ಲಕ್ಷ ಕವರ್ ಇದೆಯಲ್ಲ." ಶೇರಿಂಗ್‌ಗೆ ದಿನಕ್ಕೆ 2,000, ಸಿಂಗಲ್‌ಗೆ 4,000. ಎರಡು ದಿನಕ್ಕೆ ಹೆಚ್ಚು ಅಂದ್ರೆ 4,000 ರೂಪಾಯಿ ವ್ಯತ್ಯಾಸ. ಇದು ನನ್ನ ಲೆಕ್ಕ.

ಡಿಸ್‌ಚಾರ್ಜ್ ದಿನ ಬಿಲ್ 1,02,000 ಬಂತು. ಇನ್ಶೂರೆನ್ಸ್‌ನವರು ಒಪ್ಪಿದ್ದು 64,000. ಕೈಯಿಂದ ಕಟ್ಟಬೇಕಾದ್ದು 38,000!

ಆವತ್ತು ಕೌಂಟರ್ ಮುಂದೆ ನಿಂತು ಕಲಿತದ್ದು ಎರಡು ಪಾಠ. ಒಂದು, ಬಹಳಷ್ಟು ಆಸ್ಪತ್ರೆಗಳಲ್ಲಿ ರೂಮು ಬದಲಾದ್ರೆ ಬಾಡಿಗೆ ಮಾತ್ರ ಬದಲಾಗಲ್ಲ. ಸರ್ಜನ್ ಫೀಸು, ಅರಿವಳಿಕೆಯವರ ಫೀಸು, ಓಟಿ ಚಾರ್ಜ್ ಎಲ್ಲವೂ ಏರತ್ತೆ. ಅದೇ ಡಾಕ್ಟರು, ಅದೇ ಓಟಿ. ಶೇರಿಂಗ್‌ನಲ್ಲಿ ಇವೆಲ್ಲ ಸೇರಿ 44,000, ಸಿಂಗಲ್‌ನಲ್ಲಿ 60,000.

ಎರಡನೆಯದು ಪಾಲಿಸಿಯೊಳಗಿನ ಒಂದು ಸಾಲು: ರೂಮು ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1ರಷ್ಟು ಮಾತ್ರ. 2 ಲಕ್ಷಕ್ಕೆ 2,000. ನಾವು 4,000ದ್ದು ತಗೊಂಡಿದ್ದರಿಂದ ಅವರು ಅರ್ಧ ಬಾಡಿಗೆ ಕೊಟ್ಟರು. ಜೊತೆಗೆ ರೂಮಿನ ದರ್ಜೆಗೆ ಅಂಟಿಕೊಂಡ ಆ 60,000ದಲ್ಲೂ ಅರ್ಧ ಮಾತ್ರ ಕೊಟ್ಟರು. ಔಷಧಿ, ಮೆಶ್, ಟೆಸ್ಟುಗಳ 30,000ಕ್ಕೆ ಹೀಗೆ ಕತ್ತರಿ ಹಾಕುವ ಹಾಗಿಲ್ಲ ಅಂತ ನಿಯಮ ಇದೆ, ಅದು ಪೂರ್ತಿ ಸಿಕ್ತು. ಗ್ಲೌಸು, ಫೈಲು ಅಂತ ಚಿಲ್ಲರೆ 4,000 ನಮ್ಮದೇ. ಶೇರಿಂಗ್ ತಗೊಂಡಿದ್ರೆ ಆ 4,000 ಕಟ್ಟಿ ಮನೆಗೆ ಬರ್ತಿದ್ವಿ. ಅಂದ್ರೆ ನನ್ನ ಒಂದು ಮಾತಿನ ಬೆಲೆ 34,000 ರೂಪಾಯಿ. ತಂಗಿಯ ಪಿಯು ಅಡ್ಮಿಷನ್‌ಗೆ ಅಂತ ಇಟ್ಟಿದ್ದ ಚೀಟಿ ದುಡ್ಡು ಹೋಯ್ತು.

ಅಪ್ಪ ಬೈಯಲಿಲ್ಲ. ಆಟೋದಲ್ಲಿ ಕೂತು, "ರೂಮು ಚೆನ್ನಾಗಿತ್ತು ಬಿಡೋ" ಅಂದ್ರು. ಬೈದಿದ್ರೇ ವಾಸಿ ಇತ್ತು.

ಕ್ಲೇಮ್ ಪೇಪರ್ ಕೊಡೋಕೆ ಅಪ್ಪನ ಕಂಪನಿಗೆ ಹೋದಾಗ ಎಚ್‌ಆರ್ ಸರ್ ಕೂರಿಸಿ ಮಾತಾಡಿದ್ರು. ಈ ವರ್ಷ ಕ್ಲೇಮ್ ಜಾಸ್ತಿ ಆದ್ರೆ ಮುಂದಿನ ವರ್ಷ ಪ್ರೀಮಿಯಂ ಏರತ್ತೆ, ಅದನ್ನ ಇಳಿಸೋಕೆ ಸುಲಭದ ದಾರಿ ಅಂದ್ರೆ ಹೀಗೆ ರೂಮಿಗೆ ಮಿತಿ ಹಾಕೋದು, ಬಿಲ್ಲಿನಲ್ಲಿ ಇಂತಿಷ್ಟು ಪಾಲು ಕಾರ್ಮಿಕನೇ ಕೊಡಲಿ ಅನ್ನೋದು, ತಂದೆತಾಯಿಯನ್ನು ಪಾಲಿಸಿಯಿಂದ ಬಿಡೋದು ಅಂದ್ರು. ಯೋಚನೆ ಮಾಡಿದ್ರೆ ಇದ್ರಿಂದ ಖರ್ಚು ಕಮ್ಮಿ ಆಗಲ್ಲ. ಕಂಪನಿಯ ಜೇಬಿನಿಂದ ಅಪ್ಪನ ಜೇಬಿಗೆ ದಾಟತ್ತೆ ಅಷ್ಟೇ.

ಬೇರೆ ದಾರಿಯೂ ಇದೆ. ಒಬ್ಬ ಅಪ್ಪ ಕೌಂಟರ್‌ನಲ್ಲಿ ಚೌಕಾಸಿ ಮಾಡೋಕಾಗಲ್ಲ, ಮುನ್ನೂರು ಜನರ ಪರವಾಗಿ ಕಂಪನಿ ಮಾಡಬಹುದು. ನಮ್ಮ ರಾಜ್ಯದ್ದೇ ಉದಾಹರಣೆ ಯಶಸ್ವಿನಿ. 2003ರಲ್ಲಿ ಶುರುವಾದಾಗ ಸಹಕಾರ ಸಂಘದ ರೈತರು ಕಟ್ಟಿದ್ದು ತಿಂಗಳಿಗೆ 5 ರೂಪಾಯಿ. ಲಕ್ಷಾಂತರ ಜನ ಒಟ್ಟಾಗಿದ್ದಕ್ಕೆ ಆಸ್ಪತ್ರೆಗಳು ಆಪರೇಷನ್‌ಗೆ ಇಷ್ಟು ಅಂತ ಮೊದಲೇ ಪ್ಯಾಕೇಜ್ ದರಕ್ಕೆ ಒಪ್ಪಿದ್ವು. 2017ರಲ್ಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟ್‌ಗೆ ಮಿತಿ ಹಾಕಿದಾಗ, ಲಕ್ಷ ದಾಟ್ತಿದ್ದ ಔಷಧಿ ಲೇಪಿತ ಸ್ಟೆಂಟ್ 29,600ಕ್ಕೆ ಇಳೀತು. ಕೇಳೋರು ಒಟ್ಟಾಗಿ ಕೇಳಿದ್ರೆ ಬೆಲೆ ಇಳಿಯತ್ತೆ.

ಊರಿನ ಮೂರು ಆಸ್ಪತ್ರೆಗಳ ಜೊತೆ ಹತ್ತು ಸಾಮಾನ್ಯ ಆಪರೇಷನ್‌ಗಳ ದರ ಮಾತಾಡಿ ನೋಟಿಸ್ ಬೋರ್ಡಿಗೆ ಹಾಕಿ, ಅಡ್ಮಿಟ್ ಆಗೋ ಮೊದಲು ಫೋನ್ ಮಾಡೋಕೆ ಒಂದು ನಂಬರ್ ಕೊಡಿ ಅಂತ ನಾನು ಹೇಳಿದೆ. ಸರ್ ಬರ್ಕೊಂಡ್ರು. ದರದ ಮಾತು ಇನ್ನೂ ನಡೀತಿದೆಯಂತೆ. ನಂಬರ್ ಮಾತ್ರ ಬೋರ್ಡಿಗೆ ಬಂದಿದೆ, ಅಪ್ಪ ಫೋಟೋ ಕಳಿಸಿದ್ರು.

ಕಳೆದ ವಾರ ನಮ್ಮ ಪ್ಲೇಸ್‌ಮೆಂಟ್ ಟಾಕ್‌ನಲ್ಲಿ ಎಲ್ಲರೂ ಸಿಟಿಸಿ, ಬಾಂಡು, ಲೊಕೇಶನ್ ಕೇಳಿದ್ರು. ನಾನು ಎದ್ದು, "ಮೆಡಿಕಲ್ ಪಾಲಿಸಿಯಲ್ಲಿ ರೂಮ್ ರೆಂಟ್ ಲಿಮಿಟ್ ಎಷ್ಟು? ಅಪ್ಪ ಅಮ್ಮ ಸೇರ್ತಾರಾ?" ಅಂದೆ. ಹಿಂದಿನ ಬೆಂಚು ನಕ್ಕಿತು. ಬಂದಿದ್ದ ಮೇಡಂ ಹತ್ತಿರ ಉತ್ತರ ಇರಲಿಲ್ಲ, ಮೇಲ್ ಮಾಡ್ತೀನಿ ಅಂದ್ರು.

ಮೇಲ್ ಬಂದ್ರೆ ಕ್ಲಾಸ್ ಗ್ರೂಪಿಗೆ ಹಾಕ್ತೀನಿ. ನಕ್ಕವರೂ ಓದಿಕೊಳ್ಳಿ.