ಲಬ್ನೆ: ಒಂದು ಹನಿಯೂ ಪೋಲಾಗದ ಹಾಲು

ಹಾಲು ಕುಡಿಯುವಾಗ ಅದರಲ್ಲಿ ಸಮೃದ್ಧಿಯನ್ನೂ, ಅದನ್ನೇ ಇನ್ನಷ್ಟು ಕೊಡುವಂತೆಯೂ ಅಲ್ಲಾಹನಲ್ಲಿ ಬೇಡಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಅನ್ನವೂ ಆಗಿ ಪಾನೀಯವೂ ಆಗಬಲ್ಲ ವಸ್ತು ಹಾಲಲ್ಲದೆ ಬೇರೊಂದಿಲ್ಲ ಎಂಬುದು ಅದಕ್ಕೆ ಅವರು ನೀಡಿದ ಕಾರಣ. ಈ ಪ್ರಾರ್ಥನೆಯನ್ನು ನಾವೆಲ್ಲ ಮದ್ರಸದಲ್ಲೇ ಬಾಯಿಪಾಠ ಮಾಡಿರುತ್ತೇವೆ. ಅದರ ಅರ್ಥವನ್ನು ನನಗೆ ಅಡುಗೆಮನೆಯಲ್ಲಿ ತೋರಿಸಿಕೊಟ್ಟವರು ಶಾರ್ಜಾದಲ್ಲಿ ನಮ್ಮ ಎದುರಿನ ಫ್ಲ್ಯಾಟಿನಲ್ಲಿದ್ದ ಒಬ್ಬ ಫೆಲೆಸ್ತೀನಿ ಮಹಿಳೆ. ವಯಸ್ಸಿನಲ್ಲಿ ನನ್ನ ತಾಯಿಯಷ್ಟು ದೊಡ್ಡವರು. ನಾನು ಅವರನ್ನು ‘ಖಾಲಾ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಯಾ ಬಿಂತಿ’ (ನನ್ನ ಮಗಳೇ) ಎನ್ನುತ್ತಿದ್ದರು.

ಖಾಲಾರ ಮನೆಯ ಸಿಂಕಿನ ನಲ್ಲಿಗೆ ವಾರಕ್ಕೆರಡು ಬಾರಿಯಾದರೂ ಒಂದು ಬಿಳಿ ಬಟ್ಟೆಯ ಗಂಟು ತೂಗುತ್ತಿತ್ತು. ಅದರೊಳಗೆ ಇರುತ್ತಿದ್ದುದು ಮೊಸರು. ನೀರೆಲ್ಲ ಇಳಿದ ಮೇಲೆ ಉಳಿಯುವ ಮೆತ್ತನೆಯ ಗಿಣ್ಣೇ ಲಬ್ನೆ. ಗಲ್ಫಿನ ಅಂಗಡಿಗಳಲ್ಲಿ ‘ಲಬನ್’ ಎಂದು ಮಾರುವುದು ನಮ್ಮ ಮಜ್ಜಿಗೆಯಂಥದ್ದು. ಆದರೆ ಫೆಲೆಸ್ತೀನ್, ಸಿರಿಯಾ, ಲೆಬನಾನ್, ಜೋರ್ಡಾನ್‌ನವರಿಗೆ ಲಬನ್ ಎಂದರೆ ಮೊಸರು. ಲಬ್ನೆ ಎಂಬ ಹೆಸರು ಆ ಪದದಿಂದಲೇ ಬಂದದ್ದು. ಅಲ್ಲಿ ಲಬ್ನೆ ಇಲ್ಲದ ಬೆಳಗಿನ ಉಪಾಹಾರ ಕಡಿಮೆ. ತಟ್ಟೆಯಲ್ಲಿ ಹರಡಿ, ಮೇಲೆ ಝೈತೂನ್ ಎಣ್ಣೆ ಸುರಿದು, ಝಾತರ್ ಪುಡಿ ಉದುರಿಸಿ, ಸೌತೆ, ಟೊಮೆಟೊ, ಪುದೀನದೊಂದಿಗೆ ರೊಟ್ಟಿಗೆ ಹಚ್ಚಿ ತಿನ್ನುತ್ತಾರೆ.

ಮಾಡುವ ವಿಧಾನ ಸುಲಭ. ಒಂದು ಲೀಟರ್ ಗಟ್ಟಿ ಹಾಲನ್ನು ಕುದಿಸಿ ಆರಲು ಬಿಡಬೇಕು. ಕಿರುಬೆರಳನ್ನು ಅದ್ದಿ ಹತ್ತು ಎಣಿಸುವವರೆಗೆ ತಡೆಯುವಷ್ಟು ಬಿಸಿಯಿದ್ದಾಗ ಒಂದೆರಡು ಚಮಚ ಮೊಸರು ಬೆರೆಸಿ ಹೆಪ್ಪು ಹಾಕಬೇಕು. ಗಟ್ಟಿಯಾದ ಮೊಸರಿಗೆ ಒಂದು ಚಮಚದಷ್ಟು ಉಪ್ಪು ಸೇರಿಸಿ, ಒಗೆದು ಒಣಗಿಸಿದ ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗೆ ತೂಗುಹಾಕಿದರೆ ಬೇಗ ಹುಳಿಯಾಗುತ್ತದೆ. ಆದ್ದರಿಂದ ಗಂಟನ್ನು ಜರಡಿಯಲ್ಲಿಟ್ಟು, ಕೆಳಗೊಂದು ಪಾತ್ರೆಯಿಟ್ಟು ಫ್ರಿಜ್‌ನೊಳಗೆ ಇಡುವುದು ಒಳ್ಳೆಯದು. ರಾತ್ರಿ ಇಟ್ಟರೆ ಮರುದಿನಕ್ಕೆ ಸುಮಾರು 400 ಗ್ರಾಂ ಲಬ್ನೆ ಸಿದ್ಧ. ಉತ್ತರ ಕರ್ನಾಟಕದಲ್ಲಿ ಶ್ರೀಖಂಡಕ್ಕೂ ಹೀಗೆಯೇ ಮೊಸರು ಕಟ್ಟುತ್ತಾರೆ. ಅಲ್ಲಿ ಸಕ್ಕರೆ, ಇಲ್ಲಿ ಉಪ್ಪು, ಅಷ್ಟೇ ವ್ಯತ್ಯಾಸ.

ಅಂಗಡಿಯ ಗಿಣ್ಣುಗಳಲ್ಲಿ ಹಾಲನ್ನು ಒಡೆಯಲು ಕೆಲವೊಮ್ಮೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಹಲಾಲೇ ಎಂದು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಹುಡುಕಿ ಓದಬೇಕಾಗುತ್ತದೆ. ಮನೆಯ ಲಬ್ನೆಗೆ ಹಾಲು, ಹೆಪ್ಪು, ಉಪ್ಪು ಇವಿಷ್ಟೇ ಸಾಕು.

ಗಂಟನ್ನು ಎರಡು ಮೂರು ದಿನ ಹಾಗೆಯೇ ಬಿಟ್ಟರೆ ಲಬ್ನೆ ಹಿಟ್ಟಿನಂತೆ ಗಟ್ಟಿಯಾಗುತ್ತದೆ. ಅದನ್ನು ನಿಂಬೆಗಾತ್ರದ ಉಂಡೆ ಮಾಡಿ ಗಾಜಿನ ಭರಣಿಯಲ್ಲಿಟ್ಟು, ಮುಳುಗುವಷ್ಟು ಝೈತೂನ್ ಎಣ್ಣೆ ಸುರಿಯುತ್ತಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಆ ನಾಡಿನ ಹಳ್ಳಿಗಳು ಹಾಲನ್ನು ಉಳಿಸಿಕೊಂಡದ್ದು ಹೀಗೆ. ವಸಂತದಲ್ಲಿ ಕುರಿ ಮೇಕೆಗಳ ಹಾಲು ಹೇರಳ, ಬೇಸಿಗೆಯಲ್ಲಿ ಹುಲ್ಲೊಣಗಿ ಹಾಲು ಕಡಿಮೆ. ಹಿಂದಿನ ಅಕ್ಟೋಬರ್ ನವೆಂಬರ್‌ನಲ್ಲಿ ಹಿಂಡಿಟ್ಟ ಎಣ್ಣೆ ವಸಂತದ ಹಾಲನ್ನು ಕಾಪಾಡುತ್ತಿತ್ತು. ಆಗ ಉಪ್ಪು ಬಹಳ ಹೆಚ್ಚು ಹಾಕಿ ಚೆನ್ನಾಗಿ ಒಣಗಿಸುತ್ತಿದ್ದರು. ನಾವು ಮಾಡುವುದಾದರೆ ಭರಣಿಯನ್ನು ಫ್ರಿಜ್‌ನಲ್ಲೇ ಇಟ್ಟು ಎರಡು ವಾರದೊಳಗೆ ಮುಗಿಸಬೇಕು. ಎಣ್ಣೆ ಅಲ್ಲಿ ಹೆಪ್ಪುಗಟ್ಟಿದರೆ ಗಾಬರಿ ಬೇಡ, ಹೊರಗಿಟ್ಟರೆ ಕರಗುತ್ತದೆ.

ಖಾಲಾ ಆ ಹಳ್ಳಿಯನ್ನು ಕಂಡವರಲ್ಲ. 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಫೆಲೆಸ್ತೀನಿಯರು ಮನೆಮಾರು ಕಳೆದುಕೊಂಡಾಗ ಅವರ ತಾಯಿಯೂ ಉಟ್ಟ ಬಟ್ಟೆಯಲ್ಲಿ ಹೊರಟು ಗಾಝಾದ ಖಾನ್ ಯೂನಿಸ್ ಶಿಬಿರ ಸೇರಿದ್ದರು. ಖಾಲಾ ಹುಟ್ಟಿದ್ದು ಅಲ್ಲೇ. ಕುರಿಗಳಿಲ್ಲ, ಝೈತೂನ್ ಮರಗಳಿಲ್ಲ. ನಿರಾಶ್ರಿತರಿಗೆ ವಿಶ್ವಸಂಸ್ಥೆಯವರು ಹಂಚುತ್ತಿದ್ದ ಪಡಿಯಲ್ಲಿ ಹಾಲಿನ ಪುಡಿ ಇರುತ್ತಿತ್ತು. ತಾಯಿ ಆ ಪುಡಿಯ ಹಾಲಿಗೇ ಹೆಪ್ಪು ಹಾಕಿ, ತಲೆವಸ್ತ್ರದ ತುಂಡಿನಲ್ಲಿ ಕಟ್ಟಿ ಲಬ್ನೆ ಮಾಡುತ್ತಿದ್ದರಂತೆ. “ಮಕ್ಕಳಿಗೆ ಊರಿನ ರುಚಿ ಮರೆಯಬಾರದು ಎನ್ನುತ್ತಿದ್ದರು, ಯಾ ಬಿಂತಿ. ಹೆಪ್ಪು ಆರಿದ ದಿನ ಪಕ್ಕದ ಗುಡಾರದಿಂದ ಒಂದು ಚಮಚ ತರುತ್ತಿದ್ದೆವು. ಅವರಲ್ಲಿ ಆರಿದರೆ ನಮ್ಮಲ್ಲಿಗೆ ಬರುತ್ತಿದ್ದರು” ಎಂದು ಖಾಲಾ ಹೇಳಿದ್ದರು.

ಬಟ್ಟೆಯಿಂದ ಇಳಿದ ತಿಳಿನೀರನ್ನು ಅವರು ಒಮ್ಮೆಯೂ ಚೆಲ್ಲಿದ್ದನ್ನು ನಾನು ನೋಡಿಲ್ಲ. ಅದರಲ್ಲಿ ರೊಟ್ಟಿಯ ಹಿಟ್ಟು ಕಲಸುತ್ತಿದ್ದರು, ಬೇಳೆಯ ಸೂಪಿಗೆ ಹಾಕುತ್ತಿದ್ದರು. ಬಟ್ಟೆಗೆ ಅಂಟಿದ್ದನ್ನೂ ಚಮಚದಿಂದ ಕೆರೆಯುತ್ತಿದ್ದರು. ಮೊದಮೊದಲು ಇದು ಜಿಪುಣತನದಂತೆ ಕಾಣಬಹುದು. ಆದರೆ ಅದೇ ಕೈ ಪ್ರತಿ ರಮಝಾನಿನಲ್ಲಿ ನಮ್ಮ ಮಹಡಿಯ ಎಲ್ಲ ಮನೆಗಳಿಗೂ ಸಹರಿಗೆಂದು ಲಬ್ನೆಯ ಬಟ್ಟಲು ಕಳುಹಿಸುತ್ತಿತ್ತು. ಪೋಲು ಮಾಡದವರ ಕೈಯಲ್ಲಿ ಕೊಡಲು ಸದಾ ಏನಾದರೂ ಉಳಿದಿರುತ್ತದೆ ಎಂಬುದನ್ನು ನಾನು ಆ ಬಟ್ಟಲಿನಲ್ಲಿ ಕಂಡೆ.

ನಾವು ಮಂಗಳೂರಿಗೆ ಮರಳಿದೆವು. ಖಾಲಾ ಈಗ ಅಮ್ಮಾನ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಅವರ ತಮ್ಮಂದಿರ ಕುಟುಂಬಗಳು ಗಾಝಾದಲ್ಲೇ ಉಳಿದವು. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಯುದ್ಧದಲ್ಲಿ ಅಲ್ಲಿ ಹಸುಗೂಸುಗಳಿಗೂ ಹಾಲು ಸಿಗದಾಯಿತು. 2025ರ ಆಗಸ್ಟ್‌ನಲ್ಲಿ ಗಾಝಾ ನಗರವಿರುವ ಪ್ರಾಂತದಲ್ಲಿ ಕ್ಷಾಮ ತಲೆದೋರಿದೆಯೆಂದು ಆಹಾರ ಭದ್ರತೆಯನ್ನು ಅಳೆಯುವ ಅಂತಾರಾಷ್ಟ್ರೀಯ ವ್ಯವಸ್ಥೆಯೇ ದೃಢಪಡಿಸಿತು. ಆ ದಿನಗಳಲ್ಲಿ ಫೋನ್ ಮಾಡಿದಾಗ ಖಾಲಾ ಹೆಚ್ಚು ಮಾತನಾಡಲಿಲ್ಲ. “ಈಗ ಅಲ್ಲಿ ಹೆಪ್ಪು ಕೇಳಲು ಪಕ್ಕದ ಮನೆಯೂ ಉಳಿದಿಲ್ಲ” ಎಂದಷ್ಟೇ ಹೇಳಿದರು.

ಅಂದಿನಿಂದ ಮಕ್ಕಳು ಅರ್ಧ ಲೋಟ ಹಾಲು ಬಿಟ್ಟೇಳುವಾಗ ನಾನು ಗದರುವುದಿಲ್ಲ. ಕೂರಿಸಿ ಖಾನ್ ಯೂನಿಸ್‌ನ ಆ ಬಟ್ಟೆಯ ಗಂಟಿನ ಕಥೆ ಹೇಳುತ್ತೇನೆ. ಈಗ ಪತ್ತಿರ್‌ಗೆ ಲಬ್ನೆ ಹಚ್ಚಿ ತಿನ್ನುವುದು ಅವರಿಗೆ ರೂಢಿಯಾಗಿದೆ, ತಟ್ಟೆಯನ್ನೂ ಒರೆಸಿ ತಿನ್ನುತ್ತಾರೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಮೊಸರು ಮಿಕ್ಕಿದರೆ ಒಮ್ಮೆ ಬಟ್ಟೆಯಲ್ಲಿ ಕಟ್ಟಿ ನೋಡಿ. ತಿಳಿನೀರನ್ನು ಚೆಲ್ಲಬೇಡಿ. ಲಬ್ನೆ ಸಿದ್ಧವಾದಾಗ ನೆರೆಮನೆಯವರು ಯಾವ ಧರ್ಮದವರೇ ಆಗಿರಲಿ, ಅವರಿಗೂ ಒಂದು ಬಟ್ಟಲು ಕೊಡಿ. ಅವರು ಹೆಪ್ಪು ಕೇಳಿ ಬಂದರೆ ಸಂತೋಷದಿಂದ ಕೊಡಿ. ಎಷ್ಟು ಕೊಟ್ಟರೂ ಮರುದಿನ ಮತ್ತೆ ಅಷ್ಟೇ ಆಗುವ ವಸ್ತು ಅದು.