ಚಿನ್ನ ಹೋಯಿತು, ದಿಬ್ಬ ಉಳಿಯಿತು

ನಾನಿರುವುದು ಬೆಂಗಳೂರಿನ ಓಕಳಿಪುರಂನಲ್ಲಿ. ಸಿಟಿ ರೈಲ್ವೆ ನಿಲ್ದಾಣಕ್ಕೆ ಅಂಟಿಕೊಂಡಿರುವ ಹಳೆಯ ಬಡಾವಣೆ. ನಮ್ಮ ಬೀದಿಯ ಟೈಲರ್ ಅಂಗಡಿಗೆ ಕೆಲಸಕ್ಕೆ ಬರುವ ಅಕ್ಕ ಒಬ್ಬರು ದಿನವೂ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಮಾರಿಕುಪ್ಪಂ ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶ, ಕೆಜಿಎಫ್. ಅವರ ತಂದೆ ಗಣಿಯಲ್ಲೇ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಆ ಊರಿನ ಎಷ್ಟೋ ಜನರಿಗೆ ಬೆಂಗಳೂರಿನ ರೈಲೇ ಅನ್ನದ ದಾರಿ.

ಕೆಜಿಎಫ್ ಅಂದರೆ ನಮಗೆ ಸಿನಿಮಾ ನೆನಪಾಗುತ್ತದೆ. ಅಕ್ಕನಿಗೆ ನೆನಪಾಗುವುದು ಸೈನೈಡ್ ದಿಬ್ಬ. “ಗಾಳಿಗಾಲ ಬಂತು ಅಂದ್ರೆ ಬಟ್ಟೆ ಹೊರಗೆ ಒಣಗಾಕೋ ಹಂಗಿಲ್ಲ ತಮ್ಮಾ. ಅನ್ನದ ಪಾತ್ರೆ ಮುಚ್ಚಿಟ್ರೂ ಹಲ್ಲಿಗೆ ಮಣ್ಣು ಸಿಗುತ್ತೆ” ಅನ್ನುತ್ತಾರೆ.

ಆ ದಿಬ್ಬ ಹೇಗೆ ಹುಟ್ಟಿತು? ಗಣಿಯಿಂದ ಎರಡು ಬಗೆಯ ಕಸ ಬರುತ್ತದೆ. ಒಂದು, ಸುರಂಗ ಕೊರೆಯುವಾಗ ಬರುವ, ಚಿನ್ನವಿಲ್ಲದ ಕಲ್ಲು. ಇನ್ನೊಂದು, ಅದಿರನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯುವ ಪುಡಿ. ಇದಕ್ಕೆ ಟೈಲಿಂಗ್ಸ್ ಅನ್ನುತ್ತಾರೆ. ಕಲ್ಲು ಬಿದ್ದಲ್ಲೇ ಬಿದ್ದಿರುತ್ತದೆ. ಪುಡಿ ಗಾಳಿಗೆ ಹಾರುತ್ತದೆ, ಮಳೆಗೆ ಹರಿಯುತ್ತದೆ.

ಸೈನೈಡ್ ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ. ಆದರೆ ಅದಿರಿನೊಳಗೆ ಆರ್ಸೆನಿಕ್‌ನಂಥವು ಇದ್ದರೆ ಅವು ಹಾಗೆ ಮಾಯವಾಗುವುದಿಲ್ಲ. ನುಣ್ಣಗಿನ ಕಲ್ಲಿನ ಧೂಳು ವರ್ಷಗಟ್ಟಲೆ ಎದೆಗೆ ಇಳಿದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಅದು ಬಂದರೆ ಪೂರ್ತಿ ವಾಸಿಯಾಗುವುದಿಲ್ಲ.

ಲೆಕ್ಕ ನೋಡಿ. ಕೆಜಿಎಫ್‌ನಲ್ಲಿ 1880ರಿಂದ 2001ರವರೆಗೆ ಸುಮಾರು 800 ಟನ್ ಚಿನ್ನ ತೆಗೆದರು. ನೆಲದೊಳಕ್ಕೆ 3 ಕಿಲೋಮೀಟರಿಗೂ ಆಳ ಇಳಿದರು. ಇಂದು 13 ದಿಬ್ಬಗಳಲ್ಲಿ ಉಳಿದಿರುವ ಪುಡಿ ಸುಮಾರು 3 ಕೋಟಿ 30 ಲಕ್ಷ ಟನ್. ಭಾಗಿಸಿದರೆ ಒಂದು ಗ್ರಾಂ ಚಿನ್ನಕ್ಕೆ 41 ಕೆಜಿ ಪುಡಿ. ಮದುವೆಗೆ 10 ಗ್ರಾಂ ಸರ ಮಾಡಿಸಿದರೆ ನಾಲ್ಕು ಕ್ವಿಂಟಲಿಗೂ ಹೆಚ್ಚು. ಸರ ಯಾರ ಕೊರಳಿಗೋ ಹೋಯಿತು. ಪುಡಿ ಅಕ್ಕನ ಅಂಗಳದಲ್ಲಿ ಉಳಿಯಿತು.

ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಬರೆದುಕೊಡಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಕೆಜಿಎಫ್‌ಗೆ ಬೀಗ ಬಿದ್ದು ಎರಡು ವರ್ಷ ಆದ ಮೇಲೆ. ಕಾರ್ಮಿಕರನ್ನು ಮನೆಗೆ ಕಳಿಸಿದಾಗ ಗಣಿಯ ಕೆಲಸ ಮುಗಿಯಿತು ಅಂದುಕೊಂಡರು. ನಿಜಕ್ಕೂ ಕೊನೆಯ ಕೆಲಸ ಬಾಕಿಯೇ ಇತ್ತು.

ಬೇರೆ ದಾರಿ ಇಲ್ಲವೇ? ಇದೆ. ನೆಲದೊಳಗಿನ ಗಣಿಯಲ್ಲಿ ಅದಿರು ತೆಗೆದ ಜಾಗ ಖಾಲಿ ಬಿದ್ದಿರುತ್ತದೆ. ಟೈಲಿಂಗ್ಸ್‌ನಲ್ಲಿ ತೀರಾ ನುಣ್ಣಗಿರುವುದನ್ನು ಬೇರ್ಪಡಿಸಿ, ದಪ್ಪ ಮರಳಿನಂಥದ್ದನ್ನು ನೀರಿನೊಂದಿಗೆ ಪೈಪಿನಲ್ಲಿ ಕೆಳಗೆ ಕಳಿಸಿ ಆ ಜಾಗ ತುಂಬಿಸಬಹುದು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಈ ಪದ್ಧತಿ ಇದೆ. ಸುರಂಗಕ್ಕೆ ಆಸರೆ, ಮೇಲೆ ಗುಡ್ಡವೂ ಅಷ್ಟು ಕಡಿಮೆ. ಆದರೂ ಎಲ್ಲವೂ ಒಳಗೆ ಹಿಡಿಸುವುದಿಲ್ಲ. ಅರೆದ ಕಲ್ಲು ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಉಳಿದದ್ದಕ್ಕೆ ಕಟ್ಟೆ ಬೇಕು, ತಳ ಸೋರಬಾರದು, ಒಣಗಿದ ಮೇಲೆ ಮಣ್ಣು ಹೊದಿಸಿ ಹುಲ್ಲು, ಗಿಡ ಬೆಳೆಸಬೇಕು.

ಈಗ ಕೆಜಿಎಫ್ ದಿಬ್ಬಗಳ ಮೇಲೆ ಮತ್ತೆ ಕಣ್ಣು ಬಿದ್ದಿದೆ. 13 ದಿಬ್ಬಗಳ ಸುಮಾರು 1,000 ಎಕರೆಯಲ್ಲಿ ಪುಡಿ ತೆಗೆದು ಚಿನ್ನ ಹುಡುಕುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದಾಜಿನ ಪ್ರಕಾರ ಅದರಲ್ಲಿರುವ ಚಿನ್ನ ಸುಮಾರು 23 ಟನ್. ಟನ್ ಪುಡಿಗೆ ಒಂದು ಗ್ರಾಂ ಕೂಡ ಇಲ್ಲ!

ಕೆಲಸ ಬಂದರೆ ಬರಲಿ. ಅಕ್ಕನಿಗೂ ಊರಲ್ಲೇ ದುಡಿಯುವ ಆಸೆ. ಆದರೆ ಒಂದು ಗ್ರಾಂ ತೆಗೆದ ಮೇಲೂ ಆ ಟನ್ ಪುಡಿ ಟನ್ನಾಗಿಯೇ ಉಳಿಯುತ್ತದೆ, ಮತ್ತೆ ಎಲ್ಲಾದರೂ ಇಡಲೇಬೇಕು. ಅದಕ್ಕೇ ಅಕ್ಕ ಕೇಳಿದ್ದು: “ಇಷ್ಟು ವರ್ಷ ಕೂತಿರೋ ಮಣ್ಣನ್ನ ಕೆದಕಿದ್ರೆ, ಆ ಧೂಳು ಯಾರ ಮನೆಗೆ ತಮ್ಮಾ?”

ಈ ಪ್ರಶ್ನೆ ಕೆಜಿಎಫ್‌ಗೆ ಮಾತ್ರ ಸೇರಿದ್ದಲ್ಲ. ನಿಮ್ಮೂರಿನ ಹತ್ತಿರ ದೊಡ್ಡ ಗಣಿ ಬರುವುದಿದ್ದರೆ, 2006ರ ಪರಿಸರ ಅಧಿಸೂಚನೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಸಾರ್ವಜನಿಕ ಅಹವಾಲು ಸಭೆ ನಡೆಸುತ್ತಾರೆ. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಹೋಗಿ, ಓದಿ. ಎಷ್ಟು ಜನರಿಗೆ ಕೆಲಸ ಎಂದು ಕೇಳುವುದರ ಜೊತೆಗೆ ಇದನ್ನೂ ಕೇಳಿ: ಎಷ್ಟು ಕಸ ಬರುತ್ತದೆ? ಎಲ್ಲಿ ಇಡುತ್ತೀರಿ? ಗಾಳಿ ಯಾವ ಊರಿನ ಕಡೆ ಬೀಸುತ್ತದೆ? ಮಳೆನೀರು ಯಾವ ಕೆರೆಗೆ ಇಳಿಯುತ್ತದೆ? ಗಣಿ ಮುಚ್ಚಿದ ಮೇಲೆ ನೋಡಿಕೊಳ್ಳುವವರು ಯಾರು, ಅದಕ್ಕೆ ಹಣ ಎಲ್ಲಿ ಇಟ್ಟಿದ್ದೀರಿ?

ಉತ್ತರವನ್ನು ಬಾಯಿಮಾತಿಗೆ ಬಿಡಬೇಡಿ. ಸಭೆಯ ನಡಾವಳಿಯಲ್ಲಿ ಬರೆಸಿ.